ವ್ಯಾಕರಣದ ತಪ್ಪಿಗೂ ಒಂದು ಇತಿಹಾಸವಿದೆ



ಮಕ್ಕಳೇ, ಅಪ್ಪನೋ ಅಮ್ಮನೋ ಫೋನಿನಲ್ಲಿ "ಐ ಆಮ್ ಅಂಡರ್‌ಸ್ಟ್ಯಾಂಡಿಂಗ್" ಅಂದಾಗ ನಿಮಗೆ ಎಂದಾದರೂ ನಗು ಬಂದಿದೆಯೇ? ಪೋಷಕರೇ, ನಿಮ್ಮ ಮಗು "ಅಜ್ಜಿ ಬಂದಳು" ಅಂದಾಗ ನೀವು ಬೇಸರದಿಂದ ತಿದ್ದಿದ್ದೀರಾ? ಈ ಎರಡು ತಪ್ಪುಗಳಿಗೂ ಕಾರಣ ಒಂದೇ. ಅದನ್ನು ತಿಳಿಯಬೇಕಾದರೆ ನಾವು ಇನ್ನೂರು ವರ್ಷ ಹಿಂದಕ್ಕೆ ಹೋಗಿ, ಇಂಗ್ಲಿಷ್ ವ್ಯಾಕರಣದ ಜೊತೆ ಗುದ್ದಾಡಿದ ನಮ್ಮ ಕಾಲೇಜು ವಿದ್ಯಾರ್ಥಿಗಳ ಕಥೆಯನ್ನು ಕೇಳಬೇಕು.

ಮೊದಲು ಕಷ್ಟಪಟ್ಟವರು ಯಾರು?

ನಮ್ಮವರು ಇಂಗ್ಲಿಷ್ ಕಲಿಯುವ ಮೊದಲೇ ಇಂಗ್ಲಿಷರು ಕನ್ನಡ ಕಲಿಯಲು ಕುಳಿತಿದ್ದರು. ಈಸ್ಟ್ ಇಂಡಿಯಾ ಕಂಪನಿ 1812ರಲ್ಲಿ ಮದ್ರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜನ್ನು ತೆರೆಯಿತು. ಕಂಪನಿಯ ಎಳೆಯ ಅಧಿಕಾರಿಗಳು ಅಲ್ಲಿ ದಕ್ಷಿಣದ ಭಾಷೆಗಳನ್ನು ಕಲಿಯುತ್ತಿದ್ದರು, ಕನ್ನಡವೂ ಅದರಲ್ಲಿ ಒಂದು. ವಿಲಿಯಂ ಕೇರಿ 1817ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವನ್ನು ಸೆರಾಂಪುರದಲ್ಲಿ ಅಚ್ಚು ಹಾಕಿಸಿದರು. ಜಾನ್ ಮೆಕೆರೆಲ್ ಬರೆದ ಇನ್ನೊಂದು ವ್ಯಾಕರಣ 1820ರಲ್ಲಿ ಮದ್ರಾಸಿನಿಂದ ಬಂತು. ಆ ಕಾಲದಲ್ಲಿ ವಿಭಕ್ತಿ, ಕ್ರಿಯಾಪದ, ಸಂಧಿ ಎಂದು ತಲೆ ಕೆರೆದುಕೊಂಡವರು ಇಂಗ್ಲಿಷರೇ!

ಸ್ವಲ್ಪ ದಿನದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 1835ರ ಫೆಬ್ರವರಿ 2ರಂದು ಮೆಕಾಲೆ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದ. ಉನ್ನತ ವಿದ್ಯೆಗೆ ಸರ್ಕಾರ ಕೊಡುವ ಹಣ ಇಂಗ್ಲಿಷ್ ಶಿಕ್ಷಣಕ್ಕೆ ಹೋಗಬೇಕೆಂಬುದು ಅದರ ವಾದ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಕಟ್ಟಿದ್ದರಿಂದ ಮೊದಮೊದಲು ಅವುಗಳ ಮುಖ್ಯ ಕೆಲಸ ಪರೀಕ್ಷೆ ನಡೆಸುವುದಾಗಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾಗುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಹುಡುಗರೂ ಮದ್ರಾಸಿನ ಪರೀಕ್ಷೆಗಳನ್ನೇ ಬರೆಯಬೇಕಿತ್ತು. ಗಣಿತ, ವಿಜ್ಞಾನ, ಇತಿಹಾಸ ಯಾವುದೇ ಇರಲಿ, ಎಲ್ಲದರ ಬಾಗಿಲಿಗೂ ಇಂಗ್ಲಿಷಿನದೇ ಬೀಗ.

ಈ ಬೀಗ ಎಂಥವರನ್ನು ಹೊರಗೆ ನಿಲ್ಲಿಸಿತು ನೋಡಿ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಕುಂಭಕೋಣದ ಸರ್ಕಾರಿ ಕಾಲೇಜನ್ನು ಸೇರಿದರು. ಗಣಿತದಲ್ಲೇ ಮುಳುಗಿದ್ದ ಅವರು ಇಂಗ್ಲಿಷಿನಲ್ಲಿ ನಪಾಸಾದರು, ವಿದ್ಯಾರ್ಥಿವೇತನ ಕೈತಪ್ಪಿತು. ಮುಂದೆ ಎಫ್.ಎ. ಪರೀಕ್ಷೆಯನ್ನು ಅವರು ಪಾಸು ಮಾಡಲೇ ಇಲ್ಲ. ಅದೇ ರಾಮಾನುಜನ್ 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು!

ತರಗತಿಯಲ್ಲಿ ಏನು ಕಲಿಸುತ್ತಿದ್ದರು?

ಇಂಗ್ಲಿಷಿನ ವ್ಯಾಕರಣ ಪುಸ್ತಕಗಳಿಗೂ ಒಂದು ಸ್ವಾರಸ್ಯದ ಹಿನ್ನೆಲೆಯಿದೆ. ಯುರೋಪಿನ ಪಂಡಿತರಿಗೆ ವ್ಯಾಕರಣವೆಂದರೆ ಲ್ಯಾಟಿನ್. ರಾಬರ್ಟ್ ಲೌತ್ ಎಂಬ ಪಾದ್ರಿ 1762ರಲ್ಲಿ ಬರೆದ ಪುಸ್ತಕವೂ, ಲಿಂಡ್ಲಿ ಮರ್ರೆ 1795ರಲ್ಲಿ ಯಾರ್ಕ್ ಊರಿನ ಹೆಣ್ಣುಮಕ್ಕಳ ಶಾಲೆಗಾಗಿ ಬರೆದ ಪುಸ್ತಕವೂ ಆ ಹಳೆಯ ಅಚ್ಚಿನಿಂದ ಪೂರ್ತಿ ಬಿಡಿಸಿಕೊಂಡಿರಲಿಲ್ಲ. ಲೌತ್ ತಪ್ಪೆಂದು ತೋರಿಸಿದ್ದು ಇಂಗ್ಲಿಷರದೇ ತಪ್ಪುಗಳನ್ನು. ಆಗ "ಯು ವಾಸ್" ಎಂದು ಎಷ್ಟೋ ಜನ ಹೇಳುತ್ತಿದ್ದರು, ಆತ ಅದು ಕೂಡದು ಎಂದ.

ಇದನ್ನು ಕನ್ನಡ ಬಲ್ಲವರು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಹಿಂದೆ ಇಂಗ್ಲಿಷಿನಲ್ಲೂ "ನೀನು" ಮತ್ತು "ನೀವು" ಬೇರೆ ಬೇರೆ ಇದ್ದವು. "ದೌ" ಎಂದರೆ ನೀನು, "ಯು" ಎಂದರೆ ನೀವು. ಕಾಲಕ್ರಮೇಣ "ನೀನು" ಮರೆಯಾಗಿ "ನೀವು" ಮಾತ್ರ ಉಳಿಯಿತು. ಆದ್ದರಿಂದಲೇ ಎದುರಿಗೆ ಒಬ್ಬರೇ ಇದ್ದರೂ "ಯು ಆರ್" ಎಂಬ ಬಹುವಚನವನ್ನೇ ಬಳಸಬೇಕು. ಮಕ್ಕಳೇ, ನಿಮ್ಮ ಶಾಲೆಯ ಟೀಚರಿಗೆ ಇದನ್ನು ಹೇಳಿ, ಅವರಿಗೂ ಇಷ್ಟವಾದೀತು.

ನಮ್ಮ ವಿದ್ಯಾರ್ಥಿಗಳಿಗೆ ಇಂಥ ಕಥೆಗಳನ್ನು ಯಾರೂ ಹೇಳಲಿಲ್ಲ, ನಿಯಮಗಳನ್ನಷ್ಟೇ ಕೊಟ್ಟರು. 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ ಮನೆಮಾತಾಯಿತು. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ಮಾಡು, ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಮಾಡು, ಬಿಟ್ಟ ಸ್ಥಳ ತುಂಬು. ಐದನೇ ತರಗತಿಯಲ್ಲಿ ಎ, ಬಿ, ಸಿ, ಡಿ ಶುರುಮಾಡಿ, ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿ, ಪಿಯುಸಿ ವಿಜ್ಞಾನಕ್ಕೋ ಇಂಜಿನಿಯರಿಂಗಿಗೋ ಸೇರಿದ ಎಷ್ಟೋ ಜನ ನಿಯಮಗಳನ್ನು ಗಡಗಡನೆ ಒಪ್ಪಿಸಬಲ್ಲವರಾಗಿದ್ದರು. ಆದರೆ ಲ್ಯಾಬಿನಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಈ ಇ-ಪತ್ರಿಕೆ ಓದುತ್ತಿರುವ ಪೋಷಕರಲ್ಲಿ ಹಲವರಿಗೆ ಆ ಹಿಂದಿನ ಬೆಂಚು ನೆನಪಿರಬಹುದು.

ತೊಡಕು ಎಲ್ಲಿತ್ತು?

ಈಗ ಆ ತಪ್ಪುಗಳನ್ನೇ ಬಿಡಿಸಿ ನೋಡೋಣ. ಕನ್ನಡದಲ್ಲಿ "ಮನೆಯಲ್ಲಿ, ಬಸ್ಸಿನಲ್ಲಿ, ಬಸ್ ಸ್ಟಾಪಿನಲ್ಲಿ" ಎನ್ನಲು "ಅಲ್ಲಿ" ಎಂಬ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಮನೆಗೆ "ಇನ್" ಅಥವಾ "ಅಟ್", ಬಸ್ಸಿಗೆ "ಆನ್", ಸ್ಟಾಪಿಗೆ "ಅಟ್". "ಪುಸ್ತಕ ಕೊಡು" ಎಂದರೆ ನಮಗೆ ಸಾಕು, ಇಂಗ್ಲಿಷಿನಲ್ಲಿ "ಎ" ಪುಸ್ತಕವೋ "ದ" ಪುಸ್ತಕವೋ ಎಂದು ಮೊದಲೇ ತೀರ್ಮಾನಿಸಬೇಕು. "ಅರ್ಥವಾಗ್ತಾ ಇದೆ" ಎಂಬ ಸಹಜವಾದ ಕನ್ನಡ ವಾಕ್ಯವೇ "ಐ ಆಮ್ ಅಂಡರ್‌ಸ್ಟ್ಯಾಂಡಿಂಗ್" ಆಗುತ್ತದೆ. ನಮ್ಮ "ಅಲ್ವಾ?" ಎಲ್ಲ ವಾಕ್ಯಕ್ಕೂ ಹೊಂದುತ್ತದೆ. ಅದಕ್ಕೇ "ಯು ಆರ್ ಕಮಿಂಗ್, ಇಸಿಂಟ್ ಇಟ್?" ಎಂದು ಬಾಯಿಗೆ ಬರುತ್ತದೆ. ಪ್ರಶ್ನೆ ಕೇಳುವಾಗ ಕನ್ನಡದಲ್ಲಿ ಪದಗಳು ಜಾಗ ಬದಲಿಸಬೇಕಿಲ್ಲ, ಆದ್ದರಿಂದ "ವೇರ್ ಯು ಆರ್ ಗೋಯಿಂಗ್?" ಎನ್ನುತ್ತೇವೆ.

ಪದಗಳ ಕ್ರಮದ ಮಾತು ಇನ್ನೂ ಮಜವಾಗಿದೆ. "ರಾಜ ಹುಲಿಯನ್ನು ಕೊಂದ" ಎನ್ನಿ, "ಹುಲಿಯನ್ನು ರಾಜ ಕೊಂದ" ಎನ್ನಿ, ಸತ್ತದ್ದು ಹುಲಿಯೇ. "ಅನ್ನು" ಪ್ರತ್ಯಯ ಅದನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ಪದಗಳನ್ನು ಅದಲು ಬದಲು ಮಾಡಿದರೆ ರಾಜನೇ ಸತ್ತುಹೋಗುತ್ತಾನೆ! ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೂ ನಮ್ಮಂತೆಯೇ ವಿಭಕ್ತಿ ಪ್ರತ್ಯಯಗಳಿದ್ದವು. ಅವು ಸವೆದು ಹೋದ ಮೇಲೆ ಆ ಕೆಲಸವನ್ನು ಪದಗಳ ಕ್ರಮ ವಹಿಸಿಕೊಂಡಿತು.

ಅಂದರೆ ಆ ವಿದ್ಯಾರ್ಥಿಗಳು ದಡ್ಡರಾಗಿರಲಿಲ್ಲ. ಅವರ ತಲೆಯಲ್ಲಿ ಒಂದು ವ್ಯಾಕರಣ ಆಗಲೇ ಗಟ್ಟಿಯಾಗಿ ಕುಳಿತಿತ್ತು. ತಪ್ಪಾದಾಗಲೆಲ್ಲ ಕಾಣಿಸುತ್ತಿದ್ದದ್ದು ಆ ಕನ್ನಡದ ವ್ಯಾಕರಣ. ಭಾಷಾವಿಜ್ಞಾನ ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು ತಡವಾಗಿ. 1967ರಲ್ಲಿ ಪಿಟ್ ಕಾರ್ಡರ್ ಎಂಬ ವಿದ್ವಾಂಸರು, ಕಲಿಯುವವರ ತಪ್ಪುಗಳಿಗೆ ಬೆಲೆಯಿದೆ, ಕಲಿಕೆ ಎಲ್ಲಿಗೆ ಬಂದಿದೆ ಎಂಬುದನ್ನು ಅವು ತೋರಿಸುತ್ತವೆ ಎಂದು ವಾದಿಸಿದರು. 1972ರಲ್ಲಿ ಲ್ಯಾರಿ ಸೆಲಿಂಕರ್, ಕಲಿಯುವವರು ಎರಡು ಭಾಷೆಗಳ ನಡುವೆ ತಮ್ಮದೇ ನಿಯಮಗಳಿರುವ ಒಂದು ನಡುಭಾಷೆಯನ್ನು ಕಟ್ಟಿಕೊಳ್ಳುತ್ತಾರೆ ಎಂದರು.

ನಮ್ಮ ನಾಡಿನಲ್ಲಿ ಹುಡುಕಿದ ದಾರಿಗಳು

ಇಂಗ್ಲಿಷ್ ಚೆನ್ನಾಗಿ ಬಲ್ಲವರೇ ಈ ಕಷ್ಟವನ್ನು ಕಂಡು ಮರುಗಿದ್ದೂ ಉಂಟು. ಕುವೆಂಪು ಅವರು ಮೊದಲು ಇಂಗ್ಲಿಷಿನಲ್ಲೇ ಕವಿತೆ ಬರೆದವರು. ಅವರ "ಬಿಗಿನರ್ಸ್ ಮ್ಯೂಸ್" 1922ರಲ್ಲಿ ಪ್ರಕಟವಾಯಿತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ, ನಿಮ್ಮ ನುಡಿಯಲ್ಲಿ ಬರೆಯಿರಿ ಎಂದು ಅವರಿಗೆ ಸಲಹೆ ಕೊಟ್ಟರು. ಮುಂದೆ 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಕುವೆಂಪು ಕಾಲೇಜು ಮಟ್ಟದಲ್ಲಿ ಕನ್ನಡ ಮಾಧ್ಯಮಕ್ಕೆ ದಾರಿ ಮಾಡಿದರು. ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಯಲಿ, ಆದರೆ ಅದು ಹಳ್ಳಿಯ ಮಕ್ಕಳ ಪ್ರತಿಭೆಗೆ ಅಡ್ಡಗೋಡೆಯಾಗಬಾರದು ಎಂಬುದು ಅವರ ನಿಲುವು.

ಇನ್ನೊಂದು ದಾರಿ ಬೆಂಗಳೂರಿನಲ್ಲಿ ತೆರೆಯಿತು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅಲ್ಲಿ ವ್ಯಾಕರಣದ ನಿಯಮಗಳನ್ನು ಒಪ್ಪಿಸುವಂತಿಲ್ಲ. ಬದಲಿಗೆ ರೈಲು ವೇಳಾಪಟ್ಟಿ ಕೊಟ್ಟು, ಯಾವ ರೈಲು ಹಿಡಿದರೆ ಬೇಗ ಮುಟ್ಟಬಹುದು ಎಂದು ಇಂಗ್ಲಿಷಿನಲ್ಲಿ ಕೇಳುವುದು. ನಕ್ಷೆ ಕೊಟ್ಟು ದಾರಿ ಹುಡುಕಿಸುವುದು. ಮನಸ್ಸು ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬ ನಂಬಿಕೆ ಅವರದು. "ಬೆಂಗಳೂರು ಪ್ರಾಜೆಕ್ಟ್" ಎಂದು ಅದು ಭಾಷಾ ಶಿಕ್ಷಕರ ನಡುವೆ ಲೋಕಪ್ರಸಿದ್ಧವಾಯಿತು. ಪ್ರಭು ಅವರು ಮುಂದೆ ನಮ್ಮ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡಿದರು.

ಎಲ್ಲರೂ ಇದನ್ನು ಒಪ್ಪಲಿಲ್ಲ. ವಿಶ್ವವಿದ್ಯಾಲಯದಲ್ಲಿ ಪ್ರಬಂಧ, ವರದಿ ಬರೆಯುವಾಗ ನಿಯಮಗಳನ್ನು ಬಿಡಿಸಿ ಹೇಳಿಕೊಡುವುದೂ ಬೇಕಾಗುತ್ತದೆ. ಆದರೆ ಬಳಕೆಯಿಲ್ಲದ ನಿಯಮ ಈಜಿನ ಪುಸ್ತಕ ಓದಿ ಹೊಳೆಗೆ ಇಳಿದ ಹಾಗೆ ಎಂಬುದನ್ನು ಇಂದು ಅಲ್ಲಗಳೆಯುವವರು ಕಡಿಮೆ.

ನಮ್ಮ ಮನೆಗೆ ಬಂದರೆ

ಹಾಕರ್ ಸೆಂಟರಿನಲ್ಲಿ "ಕ್ಯಾನ್ ಲಾ", "ದಿಸ್ ವನ್ ವೆರಿ ನೈಸ್" ಎಂದು ನಾವು ದಿನವೂ ಕೇಳುತ್ತೇವೆ. ಅದರ ಹಿಂದೆ ಹೊಕ್ಕಿಯೆನ್, ಮಲಯ್ ಮುಂತಾದ ಭಾಷೆಗಳ ವ್ಯಾಕರಣ ನಿಂತಿದೆ. ಹಾಗೆಯೇ ನಮ್ಮ ಮಕ್ಕಳು "ನಾನು ಗೊತ್ತು" ಎಂದಾಗ "ಐ ನೋ" ಅಲ್ಲಿ ಇಣುಕುತ್ತಿದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಗೌರವದ ಬಹುವಚನ ತಿಳಿಯದು, ಅದಕ್ಕೇ "ಅಜ್ಜಿ ಬಂದಳು". ಅಪ್ಪ ಕಾಲೇಜಿನಲ್ಲಿ ಪಟ್ಟ ಪಾಡನ್ನೇ ಮಗಳು ಶನಿವಾರದ ಕನ್ನಡ ತರಗತಿಯಲ್ಲಿ ತಿರುಗಿಸಿ ಪಡುತ್ತಿದ್ದಾಳೆ, ಅಷ್ಟೇ.

ಆದ್ದರಿಂದ ಮಕ್ಕಳೇ, ಅಪ್ಪ ಅಮ್ಮನ ಇಂಗ್ಲಿಷ್ ಕೇಳಿ ನಗಬೇಡಿ. ಅವರು ಎರಡನೆಯ ವ್ಯಾಕರಣವನ್ನು ದೊಡ್ಡವರಾದ ಮೇಲೆ ಕಲಿತು, ಅದರಲ್ಲೇ ಡಿಗ್ರಿ ಮುಗಿಸಿ ಇಲ್ಲಿಯವರೆಗೆ ಬಂದವರು. ಪೋಷಕರೇ, ಮಕ್ಕಳ ಕನ್ನಡ ತಪ್ಪಿದಾಗ ಗದರಬೇಡಿ. ನಾಚಿಕೆಪಟ್ಟ ಮಗು ಮಾತನ್ನೇ ನಿಲ್ಲಿಸಿಬಿಡುತ್ತದೆ. "ಹೌದು ಕಂದಾ, ಅಜ್ಜಿ ಬಂದರು" ಎಂದು ಸರಿಯಾದ ವಾಕ್ಯವನ್ನು ಇನ್ನೊಮ್ಮೆ ಹೇಳಿದರೆ ಸಾಕು.

ಈ ತಿಂಗಳ ಮನೆಗೆಲಸ: ಊಟದ ಹೊತ್ತಿನಲ್ಲಿ ಎಲ್ಲರೂ ಸೇರಿ ಎರಡು ಪಟ್ಟಿ ಮಾಡಿ. ಒಂದರಲ್ಲಿ ದೊಡ್ಡವರ ಇಂಗ್ಲಿಷಿನೊಳಗೆ ಅಡಗಿರುವ ಕನ್ನಡ, ಇನ್ನೊಂದರಲ್ಲಿ ಮಕ್ಕಳ ಕನ್ನಡದೊಳಗೆ ಅಡಗಿರುವ ಇಂಗ್ಲಿಷ್. ಮುಂದಿನ ತರಗತಿಗೆ ತನ್ನಿ, ಎಲ್ಲರೂ ಕೂತು ಓದೋಣ.