ನೆಲಮಾಳಿಗ್ಯಾಗಿನ ಅಗ್ಗಿಷ್ಟಿಗಿ

ಮಗಳ ಬಾಣಂತನಕ್ಕ ನ್ಯೂಜೆರ್ಸಿಗೆ ಹೋಗಿ ಬಂದಾಗಿಂದ ಎಲ್ಲಾರದೂ ಒಂದೇ ಪ್ರಶ್ನಿ, "ಆ ಥಂಡ್ಯಾಗ ಅಗ್ಗಿಷ್ಟಿಗಿ ಇಲ್ಲದ ಹೆಂಗ ಮಾಡಿದ್ರಿ?" ಅಗ್ಗಿಷ್ಟಿಗಿ ಇತ್ರೀ, ಆದ್ರ ನೆಲಮಾಳಿಗ್ಯಾಗ. ಕಪಾಟಿನಷ್ಟು ದೊಡ್ಡ ತಗಡಿನ ಡಬ್ಬಿ, ಅದಕ್ಕ ಫರ್ನೇಸ್ ಅಂತಾರ. ಅದರ ಕಥಿ ಕೇಳ್ರಿ.

1800ರ ಕೊನಿ ಕೊನಿಗೆ ಅಮೆರಿಕಾದ ಎಷ್ಟೋ ಮನಿ ಕೆಳಗ ಬೀಡುಕಬ್ಬಿಣದ ಭಟ್ಟಿ ಇರ್ತಿತ್ತು, ಅದರಾಗ ಕಲ್ಲಿದ್ದಲಿ ಉರಿ. ಭಟ್ಟಿ ಸುತ್ತ ಒಂದು ತಗಡಿನ ಅಂಗಿ. ನಡುವಿನ ಗಾಳಿ ಕಾದು ಹಗುರಾಗಿ ದಪ್ಪ ದಪ್ಪ ಕೊಳವಿಯೊಳಗ ತಾನೇ ಮ್ಯಾಲೇರ್ತಿತ್ತು, ಥಣ್ಣನ್ನ ಗಾಳಿ ಭಾರಾಗಿ ಕೆಳಗಿಳೀತಿತ್ತು. ಫ್ಯಾನೂ ಇಲ್ಲ, ಕರೆಂಟೂ ಇಲ್ಲ. ಇದ್ದಲಿ ತುಂಬೋದು, ಬೂದಿ ಬಳಿಯೋದು ಮಾತ್ರ ತಪ್ಪಿದ್ದಲ್ಲ.

ಇಲ್ಲೆ ಸ್ವಲ್ಪ ಲಕ್ಷ್ಯ ಕೊಡ್ರಿ. ಉರಿಯ ಹೊಗಿ ಬ್ಯಾರೆ, ಮನಿ ಗಾಳಿ ಬ್ಯಾರೆ, ನಡುವ ಕಬ್ಬಿಣದ ಗ್ವಾಡಿ. ಬಿಸಿ ಅಷ್ಟೇ ಆ ಗ್ವಾಡಿ ದಾಟಬೇಕು, ಹೊಗಿ ಚಿಮಣಿ ಹಾದಿ ಹಿಡೀಬೇಕು. ಬೀಡುಕಬ್ಬಿಣ ಕಾದು ಕಾದು ಸೊಟ್ಟಾಗಿ ಸಂದಿ ಬಿಟ್ರ ಹೊಗಿ, ಮಸಿ ಎಲ್ಲಾ ಮನಿಯೊಳಗ. ಅದಕ್ಕ 1895ರಾಗ ಅಯೋವಾ ರಾಜ್ಯದ ಮಾರ್ಷಲ್‌ಟೌನಿನ ಡೇವ್ ಲೆನಾಕ್ಸ್ ಅನ್ನಾಂವ ಉಕ್ಕಿನ ತಗಡಿಗೆ ರಿವೆಟ್ ಹೊಡದು ಭಟ್ಟಿ ಮಾಡಿ ಮಾರಲಿಕ್ಕೆ ಶುರು ಮಾಡಿದಾ.

ನಾವು ಕಿಡಕಿ ಬಾಗಲಾ ಮುಚ್ಚಿ ಬಾಣಂತಿ ಮಂಚದ ಕೆಳಗ ಕೆಂಡ ಇಡ್ತೀವಲ್ಲ, ಅಲ್ಲೆ ಈ ಗ್ವಾಡೀನೇ ಇಲ್ಲ. ಹೊಗಿ ಕಾಣಸಲಿಲ್ಲಂದ್ರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರ್ತದ. ಅದಕ್ಕ ಬಣ್ಣಿಲ್ಲ, ವಾಸನಿಲ್ಲ, ಜೀವ ತಗೋತದ. ತಾಯಿ ಕೂಸು ಇಬ್ಬರೂ ಉಸರಾಡೋದು ಅದನ್ನ. ಹಿರ್ಯಾರು ಸಿಟ್ಟಾಗಬ್ಯಾಡ್ರಿ, ಕಿಡಕಿ ಅರೆ ತಗೀರಿ.

ಮುಂದ 1919ರ ಡಿಸೆಂಬರ್ 23ಕ್ಕ ಒಬ್ಬಾಕಿಗೆ ಪೇಟೆಂಟ್ ಸಿಕ್ತು. ಆಲಿಸ್ ಪಾರ್ಕರ್, ಅದೇ ನ್ಯೂಜೆರ್ಸಿಯ ಮಾರಿಸ್‌ಟೌನಿನಾಕಿ. ಇದ್ದಲಿ ಬದ್ಲಿ ಗ್ಯಾಸ್, ಒಂದೇ ದೊಡ್ಡ ಉರಿ ಬದ್ಲಿ ಬಿಡಿ ಬಿಡಿ ಬರ್ನರ್, ಬ್ಯಾರೆ ಬ್ಯಾರೆ ಖೋಲಿಗೆ ಬ್ಯಾರೆ ಬ್ಯಾರೆ ಕೊಳವಿ. ಯಾವ ಖೋಲಿಗೆ ಎಷ್ಟು ಬೇಕೋ ಅಷ್ಟೇ ಬಿಸಿ. ಬೂದಿ ಬಳದು ಸಾಕಾದವರಿಗೇ ಇಂಥಾದ್ದು ಹೊಳೀತದ ಅಂತ ನನಗನಸ್ತದ.

1930ರ ಹೊತ್ತಿಗೆ ಕರೆಂಟಿನ ಫ್ಯಾನ್ ಕೂಡಿತು, ಕೊಳವಿ ಸಣ್ಣಾದ್ವು. ಮಗಳ ಮನ್ಯಾಗಿನದು ಇನ್ನೂ ಶಾಣ್ಯಾದ್ದು. ಥಂಡಿ ಆತು ಅಂತ ಥರ್ಮೋಸ್ಟ್ಯಾಟ್ ಹೇಳಿದ ಕೂಡ್ಲೆ ಗ್ಯಾಸ್ ಹತ್ತತದ, ಒಳಗಿನ ಗ್ವಾಡಿ ಕಾಯೋತನಕಾ ಫ್ಯಾನೂ ಕಾಯ್ತದ, ಆಮ್ಯಾಲೆ ಗಾಳಿ ದಬ್ಬತದ. ಹೊಗ್ಯಾಗಿನ ಉಗಿಯ ಬಿಸೀನೂ ಹಿಂಡಿ ತಗೋತದ, ಹಿಂಗಾಗಿ ಹೊಗಿ ಹೋಗೋ ಪೈಪ್ ಪ್ಲಾಸ್ಟಿಕ್ಕಿಂದು! ಗಾಳಿ ಮಾತ್ರ ಭಾಳ ಒಣಾ, ತುಟಿಗೆ ದಿನಾ ಕೊಬ್ರಿ ಎಣ್ಣಿ.

ಮಲಗೋ ಖೋಲಿ ಹೊರಗ ಒಂದು ಅಲಾರಾಂ ಅದ, ಕಾರ್ಬನ್ ಮೊನಾಕ್ಸೈಡ್ ಬಂದ್ರ ಚೀರತದ. ಒಳಗಿನ ಗ್ವಾಡಿ ಬಿರುಕು ಬಿಟ್ಟದೇನು ಅಂತ ವರ್ಷಕ್ಕೊಮ್ಮೆ, ಥಂಡಿ ಶುರು ಆಗೋಕಿಂತ ಮೊದಲ, ಒಬ್ಬಾಂವ ಬಂದು ನೋಡಿ ಹೋಗ್ತಾನ.