ಗೋಲಿ ಸೋಡಾ, ಜಿನ್ ಮತ್ತು ನಮ್ಮ ಅವ್ವ

ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಹಾವೇರಿಗೆ ಬಂದ ಅಕ್ಕನ ಮಗ ಚೀಲದೊಳಗಿಂದ ಒಂದು ಜಿನ್ ಬಾಟಲಿ ತೆಗೆದು ಅಡುಗೆಮನೆ ಕಟ್ಟೆ ಮೇಲಿಟ್ಟ. "ಮಾಮಾ, ಇವತ್ತು ಟಾಮ್ ಕಾಲಿನ್ಸ್ ಮಾಡೂಣು. ನಿಂಬಿಹಣ್ಣು ಅದಾವು, ಸಕ್ರಿ ಐತಿ. ಸೋಡಾ ಎಲ್ಲಿ ಸಿಗತೈತಿ?" ಅಂದ. ನಾನು ಬಾಯಿ ತೆಗೆಯುವಷ್ಟರಲ್ಲಿ ಅವ್ವ ಒಳಗೆ ಬಂದಳು. ಬಾಟಲಿ ನೋಡಿದಳು. "ಸೋಡಾ ಮಾರಿದಾತನ ಮಗಳ ಮನ್ಯಾಗ ನಿಂತು ಸೋಡಾ ಎಲ್ಲಿ ಸಿಗತೈತಿ ಅಂತೀಯಲ್ಲೋ" ಅಂದವಳು ಮತ್ತೆ ಮಾತಾಡಲಿಲ್ಲ. ಬಾಟಲಿಯ ಬಗ್ಗೆ ಅವಳು ಏನೂ ಅನ್ನದೇ ಇದ್ದದ್ದೇ ನನಗೆ ಭಯ.

ಈ ಟಾಮ್ ಕಾಲಿನ್ಸ್ ಏನು ದೊಡ್ಡ ವಿದ್ಯೆಯಲ್ಲ. ಜಿನ್, ನಿಂಬೆರಸ, ಸಕ್ಕರೆ, ಸೋಡಾ, ಐಸು. ಅಮೆರಿಕದ ಜೆರ್ರಿ ಥಾಮಸ್ ಎಂಬಾತನ ಬಾರ್ ಕೈಪಿಡಿಯ 1876ರ ಆವೃತ್ತಿಯಲ್ಲಿ ಈ ಹೆಸರಿನಿಂದ ಅಚ್ಚಾಯಿತು. ಜಾನ್ ಕಾಲಿನ್ಸ್ ಅನ್ನುವ ಇದರ ಅಣ್ಣ ಅದಕ್ಕೂ ಮೊದಲೇ ಇದ್ದ. ಜಿನ್ ತೆಗೆದುಬಿಟ್ಟರೆ ಉಳಿಯುವುದು ಏನು? ರಾಣೆಬೆನ್ನೂರು ಬಸ್‌ ಸ್ಟ್ಯಾಂಡಿನ ನಿಂಬೆ ಸೋಡಾ. ಅಂದರೆ ಅಳಿಯ ಬೆಂಗಳೂರಿನಿಂದ ಹೊತ್ತು ತಂದದ್ದರಲ್ಲಿ ಮುಕ್ಕಾಲು ಪಾಲು ನಮ್ಮೂರಲ್ಲೇ ಇತ್ತು.

ಹಾಗಂತ ಸೋಡಾ ನಮ್ಮದು ಅನ್ನೋಕೂ ಬರೋದಿಲ್ಲ. ಜೋಸೆಫ್ ಪ್ರೀಸ್ಟ್ಲಿ ಎಂಬ ಇಂಗ್ಲಿಷ್ ಪಾದ್ರಿ ಲೀಡ್ಸ್ ಊರಿನ ಬಿಯರ್ ಕಾರ್ಖಾನೆಯ ಪಕ್ಕದಲ್ಲಿದ್ದು, ಅಲ್ಲಿ ಏಳುವ ಗಾಳಿಯನ್ನು ನೀರಿಗೆ ಕೂಡಿಸುವುದು ಹೇಗೆಂದು ಪರೀಕ್ಷೆ ಮಾಡಿ, 1772ರಲ್ಲಿ ಆ ವಿಧಾನವನ್ನು ಪುಸ್ತಕವಾಗಿಸಿದ. 1783ರ ಸುಮಾರಿಗೆ ಜಿನೀವಾದಲ್ಲಿ ಜೇಕಬ್ ಶ್ವೆಪ್ ಅದನ್ನು ವ್ಯಾಪಾರ ಮಾಡಿದ. ಆಗ ಅದು ಔಷಧಿಯ ನೀರು. ಸಮಸ್ಯೆ ಇದ್ದದ್ದು ಬಾಟಲಿಯದು, ಒಳಗಿನ ಗಾಳಿ ಬಿರಡೆಯನ್ನೇ ನೂಕಿ ಹಾರಿಹೋಗುತ್ತಿತ್ತು. 1870ರ ದಶಕದ ಮೊದಲಿಗೆ ಹೈರಮ್ ಕಾಡ್ ಎಂಬಾತ ಒಂದು ಜಾಣ ಉಪಾಯ ಹುಡುಕಿದ: ಬಾಟಲಿಯ ಕೊರಳಲ್ಲಿ ಗಾಜಿನ ಗೋಲಿ, ಬಾಯಲ್ಲಿ ರಬ್ಬರ್ ಉಂಗುರ. ಬಾಟಲಿಯನ್ನು ತಲೆಕೆಳಗಾಗಿ ತುಂಬಿದರೆ ಒಳಗಿನ ಗಾಳಿಯೇ ಗೋಲಿಯನ್ನು ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಯಾವುದು ಓಡಿಹೋಗಬೇಕು ಅಂತ ಒದ್ದಾಡುತ್ತಿತ್ತೋ ಅದನ್ನೇ ಬಾಗಿಲ ಕಾವಲಿಗೆ ನಿಲ್ಲಿಸಿದ ಹಾಗೆ. ಇಂಗ್ಲೆಂಡಿನಲ್ಲಿ ತಗಡಿನ ಮುಚ್ಚಳ ಬಂದ ಮೇಲೆ ಆ ಬಾಟಲಿ ಹಳೇ ಸಾಮಾನಾಯಿತು. ನಮ್ಮಲ್ಲಿ ಉಳಿಯಿತು. ತೊಳೆದು ತುಂಬು, ಮಾರು, ಮತ್ತೆ ತೊಳೆದು ತುಂಬು. ಬಂಡವಾಳ ಇಲ್ಲದವನಿಗೆ ಇದಕ್ಕಿಂತ ಒಳ್ಳೆ ಬಾಟಲಿ ಇಲ್ಲ.

ಅವ್ವನ ಅಪ್ಪ, ಅಂದರೆ ನಮ್ಮ ಅಜ್ಜ, ರಾಣೆಬೆನ್ನೂರಿನಲ್ಲಿ ಇಂಥದ್ದೇ ಸೋಡಾದ ಅಂಗಡಿ ಇಟ್ಟಿದ್ದ. ಕೈಯಿಂದ ತಿರುವುವ ಯಂತ್ರ, ಪಕ್ಕಕ್ಕೆ ಗ್ಯಾಸ್ ಸಿಲಿಂಡರ್. ಬಾಟಲಿ ಒಡೆದು ಹಾರಿದರೆ ಅಂತ ಕೈಗೆ ಗೋಣಿತಟ್ಟು ಸುತ್ತಿಕೊಳ್ಳುತ್ತಿದ್ದ.

ಈಗ ಹಾವೇರಿ ಜಿಲ್ಲೆಯಾಗಿರುವ ಈ ಭಾಗ 1997ರವರೆಗೆ ಧಾರವಾಡ ಜಿಲ್ಲೆಯೊಳಗಿತ್ತು. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದೊಳಗಿತ್ತು. ಮುಂಬೈ ಸರಕಾರ 1949ರಲ್ಲಿ ಪಾನನಿರೋಧ ಕಾಯ್ದೆ ಮಾಡಿ 1950ರಿಂದ ರಾಜ್ಯಕ್ಕೆಲ್ಲ ಅದನ್ನು ಹಬ್ಬಿಸಿತು. ನಮ್ಮ ಹಿರಿಯರ ಬಾಯಲ್ಲಿ ಅದು "ದಾರೂಬಂದಿ". ಜಿನ್, ವಿಸ್ಕಿ ಇದ್ದದ್ದು ಪರವಾನಗಿ ಇದ್ದ ಕೆಲವರಿಗೆ ಮಾತ್ರ. ಉಳಿದವರಿಗೆ ಕಳ್ಳಭಟ್ಟಿ. ಆದರೆ ಸೋಡಾಕ್ಕೆ ಯಾವ ಬಂದಿಯೂ ಇರಲಿಲ್ಲ ನೋಡ್ರಿ. ಸಂಜೆಯಾದರೆ ಅಜ್ಜನ ಅಂಗಡಿಗೆ "ಬರೇ ಸೋಡಾ, ನಿಂಬಿ ಬ್ಯಾಡ" ಅನ್ನುವ ಗಿರಾಕಿಗಳು ಬರುತ್ತಿದ್ದರಂತೆ. ಅವರ ಕಿಸೆಯಲ್ಲಿ ಏನಿತ್ತು ಅಂತ ಅಜ್ಜ ಕೇಳುತ್ತಿರಲಿಲ್ಲ. "ನಾ ಕೊಟ್ಟಿದ್ದು ಸೋಡಾ. ಅದರಾಗ ಅವ್ರು ಏನ್ ಹಾಕ್ಕೊಂಡ್ರೋ ನನಗೇನು ಗೊತ್ತು?" ಇದು ಅವನ ಕಾಯಂ ಮಾತು. ಸುಳ್ಳಲ್ಲ. ಪೂರ್ತಿ ಖರೆಯೂ ಅಲ್ಲ.

ಅಂಗಡಿಯಲ್ಲಿ ಬಾಟಲಿ ತೊಳೆಯುತ್ತಿದ್ದವನು ಅವ್ವನ ತಮ್ಮ. ಖಾಲಿ ಲೋಟಗಳ ತಳದಲ್ಲಿ ಉಳಿದದ್ದರ ರುಚಿ ಅವನಿಗೆ ಅಲ್ಲೇ ಹತ್ತಿತು. ಮುಂದೆ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ತೂಕದ ಕೆಲಸಕ್ಕೆ ಸೇರಿದ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ಹಳಿಯ ಮೇಲಿನ ಊರುಗಳು. ವಾರಕ್ಕೊಮ್ಮೆ ಅಕ್ಕನ ಮನೆಗೆ ಬರುತ್ತಿದ್ದ, ನನಗೆ ಗೋಲಿ ತರುತ್ತಿದ್ದ. ದಾರೂಬಂದಿ ಹೋಗಿ ಸಾರಾಯಿ ಅಂಗಡಿಗಳು ಬಂದವು, ಆಮೇಲೆ ಪಾಕೀಟು ಬಂತು. 2007ರ ಜುಲೈ 1ರಂದು ಸರಕಾರ ಸಾರಾಯಿ ನಿಲ್ಲಿಸಿದಾಗ ಮಾವ ಸತ್ತು ಹನ್ನೊಂದು ವರ್ಷವಾಗಿತ್ತು. ಅವತ್ತು ಅವ್ವ ಪೇಪರ್ ಓದಿ ಮಡಚಿಟ್ಟು, "ತಡಾ ಆತು" ಅಂದದ್ದು ನೆನಪಿದೆ.

ಇಷ್ಟನ್ನೂ ಅಳಿಯನಿಗೆ ಹೇಳಿದವಳು ಅವ್ವನೇ, ಅವತ್ತು, ನಿಂಬೆಹಣ್ಣು ಕೊಯ್ಯುತ್ತ. ನಾನೂ ಅರ್ಧ ಕಥೆ ಮೊದಲ ಸಲ ಕೇಳಿದೆ. ಹುಡುಗ ಬಾಟಲಿಯನ್ನು ಮೆಲ್ಲಗೆ ಚೀಲಕ್ಕೆ ಇಳಿಸತೊಡಗಿದ. ಅವ್ವ ತಡೆದಳು. "ಇರಲಿ ಇಡೋ. ನಾ ನೋಡಲಾರದ್ಹಂಗ ಕುಡಿಯೂದಕ್ಕಿಂತ ನಾ ನೋಡೂ ಹಂಗ ಕುಡಿ. ಆದ್ರ ಎಷ್ಟು ಹಾಕ್ಕೊಂತೀ ಅಂತ ನನ್ನ ಮುಂದ ಅಳತಿ ಮಾಡು."

ಅಳತೆ ಮಾಡಿದ: ಜಿನ್ 45 ಮಿಲಿ, ನಿಂಬೆರಸ 20, ಸಕ್ಕರೆ ಪಾಕ 15. ನಮ್ಮ ಸಣ್ಣ ನಿಂಬೆ ವಿದೇಶದ ಹಳದಿ ನಿಂಬೆಗಿಂತ ಹುಳಿ, ಅದಕ್ಕೆ ರಸ ಒಂಚೂರು ಕಮ್ಮಿ. ಇವಿಷ್ಟನ್ನೂ ಐಸಿನ ಜೊತೆ ಕುಲುಕಿ, ಸೋಸಿ, ಐಸು ತುಂಬಿದ ಎತ್ತರದ ಲೋಟಕ್ಕೆ ಸುರಿದ. ಕೊನೆಗೆ ಸೋಡಾ, 100 ಮಿಲಿಯಷ್ಟು. ಸೋಡಾ ತಣ್ಣಗಿರಬೇಕು, ಬಿಸಿಯಾದರೆ ಗಾಳಿ ನಿಲ್ಲುವುದಿಲ್ಲ. ಸೋಡಾ ಬಿದ್ದ ಮೇಲೆ ಒಂದೇ ಸುತ್ತು ತಿರುವಬೇಕು, ಗರಗರ ತಿರುವಿದರೆ ನೊರೆ ಸತ್ತುಹೋಗುತ್ತದೆ. ಈ ಕೊನೆಯದನ್ನು ಕಲಿಸಿದವಳು ಅವ್ವ.

ಎರಡನೇ ಲೋಟ ಅವಳದು. ಅದೇ ನಿಂಬೆ, ಅದೇ ಪಾಕ, ಅದೇ ಸೋಡಾ. ಜಿನ್ ಬದಲು ಚಿಟಿಕೆ ಉಪ್ಪು, ಹುರಿದ ಜೀರಿಗೆ, ಮೇಲೆ ಒಂದಿಷ್ಟು ಬ್ಯಾಡಗಿ ಖಾರದಪುಡಿ. ಬ್ಯಾಡಗಿಯ ಗುಣವೇ ಬಣ್ಣ ಜಾಸ್ತಿ, ಖಾರ ಕಮ್ಮಿ. ಆ ಮೆಣಸಿನಕಾಯಿಯೂ ಪೋರ್ಚುಗೀಸರ ಕಾಲಕ್ಕೆ ಅಮೆರಿಕದ ಕಡೆಯಿಂದ ಬಂದದ್ದೇ. ಇವತ್ತು ಊರಿನ ಹೆಸರು ಹೊತ್ತು, 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಪಡೆದು ಕೂತಿದೆ. ಸೋಡಾಕ್ಕೆ ಯಾರೂ ಪಟ್ಟ ಕೊಡಲಿಲ್ಲ. ಅದು ಎಲ್ಲರ ಲೋಟಕ್ಕೂ ಹೋಯಿತು, ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಅಳಿಯ ಒಂದೇ ಲೋಟ ಕುಡಿದ. ಅವ್ವ ತನ್ನದನ್ನು ಮುಗಿಸಿ, ಪ್ಲಾಸ್ಟಿಕ್ ಸೋಡಾ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಗೋಲಿ ಇಲ್ಲಲ್ಲೋ ಇದರಾಗ" ಅಂದಳು. "ನಮ್ಮ ತಮ್ಮ ಇದ್ದಿದ್ರ ಏನ್ ತರ್ತಿದ್ದ ನಿಮಗ?"