ಗಣಕಯಂತ್ರದ ಆರಂಭವೈಫಲ್ಯ: ಕಾರಣಶೋಧನೆಯ ಎರಡು ಪ್ರಸಂಗಗಳು

1638ರಲ್ಲಿ ಬೆಂಗಳೂರು ಬಿಜಾಪುರದ ವಶವಾದ ಬಳಿಕ ಕೆಂಪೇಗೌಡರ ವಂಶದವರು ಮಾಗಡಿಯನ್ನು ನೆಲೆಯಾಗಿ ಮಾಡಿಕೊಂಡು ಆಳಿದರೆಂಬುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಆ ವಂಶದ ಹೆಸರನ್ನು ಹೊತ್ತ ಬೆಂಗಳೂರಿನ ವಿಮಾನನಿಲ್ದಾಣದಲ್ಲಿ 2024ನೆಯ ಇಸವಿ ಜುಲೈ 19ರ ಶುಕ್ರವಾರ, ವಿಮಾನಸಂಸ್ಥೆಗಳು ಅವಲಂಬಿಸಿದ್ದ ಗಣಕವ್ಯವಸ್ಥೆಗಳು ಸ್ಥಗಿತಗೊಂಡು, ಚೆಕ್-ಇನ್ ಕಾರ್ಯವನ್ನು ಸಿಬ್ಬಂದಿಯವರು ಕೈಬರಹದಿಂದಲೇ ನಡೆಸಬೇಕಾಯಿತು. ಅದೇ ದಿನ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಡೆದುವೆಂದು ಮೈಕ್ರೋಸಾಫ್ಟ್ ಸಂಸ್ಥೆ ಅಂದಾಜು ಮಾಡಿತು. ಇಂಥ ವೈಫಲ್ಯದ ಕಾರಣವನ್ನು ಕಂಡುಹಿಡಿದ ಬಗೆ ಯಾವುದು, ಪರಿಹಾರವನ್ನು ಪರೀಕ್ಷಿಸಿದ ಬಗೆ ಯಾವುದು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಹೊರಟಿದ್ದೇವೆ. ಇದು ಯಂತ್ರಶಾಸ್ತ್ರದ ವಿಷಯವೆಂದು ಇತಿಹಾಸದ ವಿದ್ಯಾರ್ಥಿ ಬದಿಗಿಡಬೇಕಾದುದಿಲ್ಲ. ಸಾಕ್ಷ್ಯದಿಂದ ಕಾರಣಕ್ಕೆ ಹೋಗುವ ಮಾರ್ಗವೇ ಇಲ್ಲಿನ ಪ್ರಶ್ನೆ.

ಮೊದಲು ಯಂತ್ರದ ಆರಂಭಕ್ರಮವನ್ನು ತಿಳಿಯಬೇಕು. ವಿದ್ಯುತ್ತು ಹರಿದೊಡನೆ ಯಂತ್ರದೊಳಗೆ ಸ್ಥಿರವಾಗಿ ಬರೆದಿಟ್ಟ ಒಂದು ಚಿಕ್ಕ ಕ್ರಮವಿಧಿ ಎಚ್ಚರಗೊಳ್ಳುತ್ತದೆ. ಅದು ಮತ್ತೊಂದನ್ನು ಕರೆಯುತ್ತದೆ. ಆ ಮತ್ತೊಂದು, ಕರ್ನೆಲ್ ಎಂಬ ತಿರುಳನ್ನು ಸ್ಮೃತಿಗೆ ತರುತ್ತದೆ. ಸ್ಮೃತಿಯ ಹಂಚಿಕೆ, ಕೆಲಸಗಳ ಸರದಿ, ಉಪಕರಣಗಳ ನಿಯಂತ್ರಣ ಎಲ್ಲವೂ ಕರ್ನೆಲಿನ ಅಧೀನ. ಹೊರಗಿನ ಕ್ರಮವಿಧಿಯೊಂದು ತಪ್ಪಿದರೆ ಅದೊಂದೇ ನಿಲ್ಲುತ್ತದೆ. ಕರ್ನೆಲಿನ ಒಳಗೆ ತಪ್ಪಿದರೆ ಇಡೀ ಯಂತ್ರ ನಿಲ್ಲುತ್ತದೆ.

2024ರಲ್ಲಿ ನಡೆದದ್ದು ಈ ಎರಡನೆಯ ಬಗೆಯದು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಫಾಲ್ಕನ್ ಎಂಬ ರಕ್ಷಣಾ ತಂತ್ರಾಂಶದ ಒಂದು ಭಾಗ ವಿಂಡೋಸ್ ಕರ್ನೆಲಿನೊಳಗೆ, ಆರಂಭದ ಹಂತದಲ್ಲಿಯೇ ಸೇರಿಕೊಳ್ಳುತ್ತಿತ್ತು. ಭಾರತೀಯ ಕಾಲಮಾನ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಸಂಸ್ಥೆಯು 291 ಎಂಬ ಅಂಕೆಯ ಹೊಸ ಕಡತವನ್ನು ಕಳುಹಿಸಿತು. ಯಂತ್ರಗಳು ಬಿದ್ದುವು, ತಾವಾಗಿ ಮತ್ತೆ ಆರಂಭಗೊಂಡುವು, ಆರಂಭದಲ್ಲಿಯೇ ಅದೇ ಕಡತವನ್ನು ಓದಿ ಮತ್ತೆ ಬಿದ್ದುವು. 10 ಗಂಟೆ 57 ನಿಮಿಷಕ್ಕೆ ಸಂಸ್ಥೆಯು ಕಡತವನ್ನು ಹಿಂತೆಗೆದುಕೊಂಡಿತು. ಆದರೆ ಸರಿಯಾದ ಕಡತವನ್ನು ಪಡೆಯಬೇಕಾದರೆ ಯಂತ್ರ ಮೊದಲು ಏಳಬೇಕಷ್ಟೆ. ಎಪ್ಪತ್ತೆಂಟು ನಿಮಿಷಗಳ ತಪ್ಪು ಎಷ್ಟೋ ದಿನಗಳ ದುರಸ್ತಿಗೆ ಎಡೆಮಾಡಿದ್ದು ಈ ಕಾರಣದಿಂದ.

ನಿದಾನಕ್ಕೆ ನೆರವಾದ ಸಾಕ್ಷ್ಯಗಳಲ್ಲಿ ಬೀಳದೆ ಉಳಿದ ಯಂತ್ರಗಳೂ ಸೇರಿದ್ದುವೆಂಬುದನ್ನು ಗಮನಿಸಬೇಕು. ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಿಗೆ ಬಾಧೆಯಾಗಲಿಲ್ಲ. ಆ ಅವಧಿಯಲ್ಲಿ ಆರಿಸಿಟ್ಟಿದ್ದ ವಿಂಡೋಸ್ ಯಂತ್ರಗಳಿಗೂ ಆಗಲಿಲ್ಲ. ಹೊರಗಿನ ಚಾಲಕಗಳನ್ನು ಬಿಟ್ಟು ಆರಂಭಿಸುವ ಸೇಫ್ ಮೋಡ್ ಎಂಬ ಕ್ರಮದಲ್ಲಿ ಬಿದ್ದ ಯಂತ್ರವೂ ಏಳುತ್ತಿತ್ತು. ಅಲ್ಲಿ ಆ ಒಂದು ಕಡತವನ್ನು ಅಳಿಸಿದರೆ ಬಳಿಕ ಎಂದಿನಂತೆ ನಡೆಯುತ್ತಿತ್ತು. ಆದಕಾರಣ ದೋಷದ ನೆಲೆ ಆ ಕಡತವೆಂಬುದು ಖಚಿತವಾಯಿತು. ಆದರೆ ಈ ಕೆಲಸವನ್ನು ಬಹುಮಟ್ಟಿಗೆ ಒಂದೊಂದು ಯಂತ್ರದ ಮುಂದೆಯೂ ಕುಳಿತು ಮಾಡಬೇಕಾಗಿತ್ತು. ತಟ್ಟೆಯನ್ನು ಗೂಢಲಿಪಿಯಲ್ಲಿ ಇಟ್ಟಿದ್ದಲ್ಲಿ ಅದರ ಕೀಲಿಯನ್ನೂ ಹುಡುಕಬೇಕಾಗಿತ್ತು.

ದೋಷದ ನೆಲೆ ತಿಳಿದ ಮಾತ್ರಕ್ಕೆ ಅದರ ಮೂಲ ತಿಳಿದಂತಾಗಲಿಲ್ಲ. ಆಗಸ್ಟ್ 6ರಂದು ಸಂಸ್ಥೆ ಪ್ರಕಟಿಸಿದ ವರದಿ ಇದನ್ನು ಬಿಡಿಸಿತು. ಹೊಸ ಕಡತ 21 ಅಂಶಗಳನ್ನು ಅಪೇಕ್ಷಿಸುತ್ತಿತ್ತು. ಕರ್ನೆಲಿನೊಳಗಿನ ಕ್ರಮವಿಧಿಗೆ ದೊರೆಯುತ್ತಿದ್ದುವು 20 ಮಾತ್ರ. ಇಲ್ಲದ ಇಪ್ಪತ್ತೊಂದನೆಯದನ್ನು ಓದಹೋಗಿ ಅದು ಸ್ಮೃತಿಯ ಎಲ್ಲೆಯನ್ನು ಮೀರಿತು. ಹಿಂದಿನ ಪರೀಕ್ಷೆಗಳಲ್ಲಿ ಆ ಇಪ್ಪತ್ತೊಂದನೆಯ ಸ್ಥಾನದಲ್ಲಿ 'ಏನಿದ್ದರೂ ಆದೀತು' ಎಂಬ ಗುರುತನ್ನಿಟ್ಟಿದ್ದುದರಿಂದ ಅದನ್ನು ಓದುವ ಪ್ರಸಂಗವೇ ಬಂದಿರಲಿಲ್ಲ. ಪರೀಕ್ಷೆ ನಡೆದಿತ್ತು, ಉತ್ತೀರ್ಣವೂ ಆಗಿತ್ತು. ಆದರೆ ಕೇಳಬೇಕಾದ ಪ್ರಶ್ನೆಯನ್ನೇ ಅದು ಕೇಳಿರಲಿಲ್ಲ. ಎಲ್ಲೆಯ ತಪಾಸಣೆಯನ್ನು ಸೇರಿಸುವುದು, ಹೊಸ ಕಡತವನ್ನು ಎಲ್ಲರಿಗೂ ಒಮ್ಮೆಗೇ ಕಳುಹಿಸದೆ ಹಂತಹಂತವಾಗಿ ಕಳುಹಿಸುವುದು, ಇವೇ ಮುಂದಿನ ಪರಿಹಾರಗಳಾದುವು.

ಇದಕ್ಕೆ ಹಳೆಯ ನಿದರ್ಶನವೊಂದುಂಟು. 1981ರ ಏಪ್ರಿಲ್ 10ರಂದು ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಮೊದಲ ಉಡ್ಡಯನ ಮುಂದಕ್ಕೆ ಹೋಯಿತು. ನೌಕೆಯಲ್ಲಿದ್ದ ನಾಲ್ಕು ಮುಖ್ಯ ಗಣಕಗಳೊಡನೆ ಐದನೆಯ ಮೀಸಲು ಗಣಕ ಕಾಲಮೇಳ ಹೊಂದಲಿಲ್ಲ. ತಪ್ಪು ಮೀಸಲು ಗಣಕದ್ದೆಂದು ಮೇಲುನೋಟಕ್ಕೆ ತೋರಿದರೂ ಅದರ ಬೇರು ಮುಖ್ಯ ಗಣಕಗಳ ಆರಂಭಕ್ಷಣದಲ್ಲಿತ್ತು. ಹಿಂದೆ ಮಾಡಿದ್ದ ಎರಡು ಸಣ್ಣ ತಿದ್ದುಪಡಿಗಳ ಫಲವಾಗಿ, ಅವುಗಳನ್ನು ಆರಂಭಿಸುವಾಗ 67ರಲ್ಲಿ ಒಂದು ಸಲ ಕಾಲಗಣನೆ ಒಂದು ಆವರ್ತನದಷ್ಟು ತಪ್ಪುವ ಸಂಭವವಿತ್ತು. ನಾಸಾದ ಜಾನ್ ಗಾರ್ಮನ್ ಅದೇ ವರ್ಷ ಇದರ ವೃತ್ತಾಂತವನ್ನು ಬರೆದು ಪ್ರಕಟಿಸಿದರು. ಗಣಕಗಳನ್ನು ಆರಿಸಿ ಮತ್ತೆ ಆರಂಭಿಸಲಾಯಿತು. 12ರಂದು ನೌಕೆ ಹಾರಿತು. ಇಲ್ಲಿ ಪುನರಾರಂಭವು ಪರಿಹಾರವೆನಿಸಿದ್ದು ಕಾರಣ ತಿಳಿದಿದ್ದರಿಂದ. ಕಾರಣವರಿಯದೆ ಆರಿಸಿ ಹಚ್ಚಿದ್ದರೂ ಅಷ್ಟೇ ಸುಲಭವಾಗಿ ಅದು ಎದ್ದಿರುತ್ತಿತ್ತು. ದೋಷ ಮಾತ್ರ ಒಳಗೇ ಉಳಿದು, ಅದು ಇದ್ದಿತೆಂಬುದೇ ಯಾರಿಗೂ ತಿಳಿಯದೆ ಹೋಗುತ್ತಿತ್ತು.

ಹಳೆಯ ತಿದ್ದುಪಡಿಗಳಲ್ಲಿ ಅಡಗಿದ ದೋಷವನ್ನು ಹುಡುಕಲು ಇಂದು ದಾಖಲೆಯೇ ಸಾಧನ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲಿನ ತಿದ್ದುಪಡಿಗಳನ್ನು, 2005ರಲ್ಲಿ ಅವರೇ ರಚಿಸಿದ ಗಿಟ್ ಎಂಬ ವ್ಯವಸ್ಥೆಯಲ್ಲಿ ಬರೆದವರ ಹೆಸರು, ದಿನಾಂಕ, ವಿವರಣೆಗಳೊಡನೆ ಇಡಲಾಗುತ್ತಿದೆ. ಕರ್ನೆಲ್ ಏಳದಿದ್ದರೆ, ಕೊನೆಗೆ ಎದ್ದ ಆವೃತ್ತಿಗೂ ಮೊದಲು ಬಿದ್ದ ಆವೃತ್ತಿಗೂ ನಡುವಣ ಆವೃತ್ತಿಯನ್ನು ಪರೀಕ್ಷಿಸಿ, ಅರ್ಧವನ್ನು ತಳ್ಳಿ, ಉಳಿದರ್ಧವನ್ನು ಮತ್ತೆ ಎರಡು ಮಾಡುತ್ತಾರೆ. ಹೀಗೆ ಸಾವಿರ ತಿದ್ದುಪಡಿಗಳ ನಡುವಣ ತಪ್ಪೊಂದು ಸುಮಾರು ಹತ್ತೇ ಪರೀಕ್ಷೆಗಳಲ್ಲಿ ಸಿಕ್ಕುತ್ತದೆ. ಆ ಒಂದನ್ನು ಹಿಂತೆಗೆದಾಗ ಯಂತ್ರ ಏಳಬೇಕು, ಮರಳಿ ಸೇರಿಸಿದಾಗ ಬೀಳಬೇಕು. ಎರಡೂ ಆದಲ್ಲದೆ ನಿದಾನ ಸಿದ್ಧವಾಯಿತೆನ್ನಲಾಗದು.

ಶಾಸನಗಳ ಕಾಲನಿರ್ಣಯ ಮಾಡುವವರೂ ಒಂದು ಮೇಲೆರೆಯನ್ನೂ ಒಂದು ಕೆಳಗೆರೆಯನ್ನೂ ಗೊತ್ತುಮಾಡಿಕೊಂಡು ನಡುವಣ ಅವಧಿಯನ್ನು ಕಿರಿದುಮಾಡುತ್ತ ಹೋಗುತ್ತಾರಲ್ಲವೆ? ಅವರಿಗಿಲ್ಲದ ಒಂದು ಅನುಕೂಲ ಯಂತ್ರಪರೀಕ್ಷಕರಿಗುಂಟು: ಅವರು ಗತವನ್ನು ಮತ್ತೆ ನಡೆಸಿ ನೋಡಬಲ್ಲರು. ಆದರೆ ಆ ಅನುಕೂಲವೂ ದಾಖಲೆಯಿದ್ದಲ್ಲಿ ಮಾತ್ರ. ಯಂತ್ರ ಎದ್ದಿತೆಂಬ ಸಮಾಧಾನದಲ್ಲಿ ಹಿಂದೇನಾಯಿತೆಂಬುದನ್ನು ಬರೆದಿಡದೆ ಬಿಡುವ ಕಚೇರಿಗಳು ಮುಂದಿನ ಪರೀಕ್ಷಕನ ಕೈಯನ್ನು ಕಟ್ಟಿಹಾಕುತ್ತವೆ. ಗಾರ್ಮನ್ನರ ಬರಹವೂ 2024ರ ವರದಿಯೂ ಈ ದೃಷ್ಟಿಯಿಂದ ಇತಿಹಾಸದ ಆಕರಗಳೇ; ಅವನ್ನು ಹಾಗೆಂದೇ ಓದುವುದು ನಮ್ಮ ವಿದ್ಯಾರ್ಥಿಗಳಿಗೆ ಉಚಿತ.